ಇಪ್ಪತ್ತಾರನೇ ವಾರ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೆಡ್‌ಸೆಟ್ ಹಾಕಿಕೊಂಡರೆ
ಟೊಲೀಡೊ ಊರು ಸಾಲುಗಟ್ಟಿ ನನ್ನ ಕಿವಿಯೊಳಗೆ ಬಂದು ನಿಲ್ಲುತ್ತದೆ,
ನಲವತ್ತೊಂದು ಜನ, ಕಾಯುವವರ ಸಂಗೀತ ಕೇಳುತ್ತ.
ಕೇಳಬೇಕಾದ್ದು ಮೂರೇ ಪ್ರಶ್ನೆ.
ಕಳೆದ ವಾರ ದುಡಿಯುವ ಶಕ್ತಿ ನಿಮಗಿತ್ತೇ?
ಕರೆದರೆ ಹೋಗಲು ತಯಾರಿದ್ದಿರೇ?
ಎಲ್ಲಿ ಕೇಳಿದಿರಿ ಕೆಲಸ, ಎರಡು ಹೆಸರು ಹೇಳಿ.

ಬರ್ನಡೆಟ್ ಸ್ಟಾಖೋವಿಯಾಕ್, ಐವತ್ತೊಂದು,
ಸೀಸೆಯ ಅಚ್ಚು ಕೊರೆಯುವವಳು.
ಗಾಜಿನ ಕಾರ್ಖಾನೆ ಒಲೆ ಆರಿಸಿ ಹನ್ನೊಂದು ವಾರ.
"ಅಚ್ಚು ಕೂದಲೆಳೆ ತಪ್ಪಿದರೂ ಸಾಕು,
ಸೀಸೆಯ ಕತ್ತಿನಲ್ಲಿ ಹೊಲಿಗೆ ಕಾಣುತ್ತೆ" ಅನ್ನುತ್ತಾಳೆ,
ನಾನು ಕೇಳದಿದ್ದರೂ.
ಕೋಳಿ ಪ್ಯಾಕಿಂಗಿಗೆ ಕರೆದರಂತೆ, ರಾತ್ರಿ ಪಾಳಿ, ಅರ್ಧ ಸಂಬಳ.
ಹೋಗಲಿಲ್ಲವಂತೆ.
ತಕ್ಕ ಕೆಲಸ ಬಿಟ್ಟರೆ ಹಣ ನಿಲ್ಲುತ್ತದೆ, ಅನ್ನುತ್ತದೆ ನಿಯಮ.
ತಕ್ಕದ್ದು ಯಾವುದು?
ಪರದೆಯ ಮೇಲೆ ಎರಡು ಚೌಕ. ನನ್ನ ಬೆರಳು ತುಸು ಹೊತ್ತು
ಎರಡರ ನಡುವೆ ನಿಂತು, ಕೊನೆಗೆ ಅವಳ ಕಡೆ ವಾಲುತ್ತದೆ.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು,
ಅನ್ನುತ್ತಿದ್ದಳು ನಮ್ಮಜ್ಜಿ.
ಇಲ್ಲಿ ಕುಡಿಕೆಗೆ ಅಳತೆ ಇದೆ ಅಜ್ಜಿ:
ಹಳೇ ಸಂಬಳದಲ್ಲಿ ಅರ್ಧ, ಇಪ್ಪತ್ತಾರು ವಾರ,
ಆಮೇಲೆ ಬೋರಲು.

ಸುಳ್ಳೇನಲ್ಲ, ಕೂತು ಉಂಡವರೂ ಇದ್ದಾರೆ.
ಡ್ವೇನ್ ಪುರ್ಡಿ "ಎರಡು ಕಡೆ ಕೇಳಿದೆ" ಅನ್ನುವಾಗ
ಹಿಂದೆ ಮೌಮೀ ನದಿಯ ನೀರು ಸ್ಪಷ್ಟ ಕೇಳುತ್ತಿತ್ತು,
ಜೊತೆಗೆ ಯಾರೋ, "ಎಳಿ, ಎಳಿ, ದೊಡ್ಡದಿದೆ!"
ಮೋಟೆಲಿನ ಯಜಮಾನ ಫೋನು ಮಾಡಿ ಬೈದ:
"ನೀವು ದುಡ್ಡು ಹಂಚುತ್ತ ಕೂತರೆ ನನ್ನ ಹಾಸಿಗೆ ಹಾಸುವವರಾರು?"
ಹನ್ನೊಂದು ಡಾಲರಿಗೆ ಒಬ್ಬರೂ ಬರಲಿಲ್ಲವಂತೆ.
ಕ್ರಿಸ್ಮಸ್ಸಿನ ಮುಂಚೆ ಆ ದಾರಿಯಲ್ಲಿ ಹೋದಾಗ ಕಂಡೆ,
ಬೋರ್ಡಿನ ಹನ್ನೊಂದರ ಮೇಲೆ ಕಾಗದ ಅಂಟಿಸಿ, ಹದಿಮೂರೂವರೆ.
ಮಾರನೇ ವಾರ ನನ್ನ ಸಾಲಿನಲ್ಲಿ ಇಬ್ಬರು ಕಡಿಮೆ.

ತರಬೇತಿಗೆ ಕೊಲಂಬಸ್ಸಿನಿಂದ ಬಂದ ಹುಡುಗ
ಒಂದು ಗೆರೆ ತೋರಿಸಿದ್ದ. ಇಪ್ಪತ್ತೈದು ವಾರ ಮಲಗಿದ್ದ ಗೆರೆ
ಇಪ್ಪತ್ತಾರಕ್ಕೆ ಥಟ್ಟನೆ ಹೆಡೆ ಎತ್ತುತ್ತದೆ.
"ನೋಡಿ, ಹಣ ಮುಗಿಯುವಾಗಲೇ ಕೆಲಸ ಸಿಗುತ್ತದೆ!"
"ಸಿಗುತ್ತದೋ, ಪಟ್ಟಿಯಿಂದ ಉದುರುತ್ತಾರೋ?"
ಹಿಂದಿನ ಸಾಲಿನಿಂದ ಯಾರೋ ಕೇಳಿದರು.
ಅವನು ಮುಂದಿನ ಸ್ಲೈಡಿಗೆ ಹೋದ.

ದಾವಣಗೆರೆಯ ಹತ್ತಿ ಗಿರಣಿ ಬಾಗಿಲು ಹಾಕಿದ್ದು ಶನಿವಾರ.
ಮಂಗಳವಾರ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿದ್ದ.
ಆ ಹುಡುಗನ ಲೆಕ್ಕದಲ್ಲಿ ಅಪ್ಪ ಬಂಗಾರದ ಮನುಷ್ಯ:
ನಿರುದ್ಯೋಗ, ಮೂರು ದಿನ.
ನೂಲಿನ ಎಳೆ ಎರಡು ಬೆರಳಲ್ಲಿ ತಿಕ್ಕಿ
ಕಣ್ಣು ಮುಚ್ಚಿ ನಂಬರು ಹೇಳುತ್ತಿದ್ದವನು,
ನಲವತ್ತು, ಅರವತ್ತು, ಒಮ್ಮೆಯೂ ತಪ್ಪಿದ್ದಿಲ್ಲ.
ಬಿಸಿ ಮರಳಿನ ಮುಂದೆ ಒಂದು ವರ್ಷ ಕಳೆದ ಮೇಲೆ
ನನ್ನ ಹೊಸ ಯೂನಿಫಾರ್ಮಿನ ಅಂಚು ಹಿಡಿದು ಕೇಳಿದೆ,
"ಇದು ಯಾವ ನಂಬರಪ್ಪಾ?"
ತಿಕ್ಕಿದ. ಇನ್ನೊಮ್ಮೆ ತಿಕ್ಕಿದ.
ಕೈಯನ್ನು ಪಂಚೆಗೆ ಒರೆಸಿಕೊಂಡು
ನೀರು ಕುಡಿಯಲು ಒಳಗೆ ಹೋದ.

ಇವತ್ತು ಬರ್ನಡೆಟ್‌ಗೆ ಇಪ್ಪತ್ತೈದು ಮುಗಿಯಿತು.
ಫಿಂಡ್ಲೇ ಊರಿನ ಅಚ್ಚಿನ ಶಾಪಿನವರು ಗುರುವಾರ ಹೇಳುತ್ತಾರಂತೆ.
ಕೋಳಿಯವರಿಗೆ ಬುಧವಾರವೇ ಉತ್ತರ ಬೇಕಂತೆ.
"ಇನ್ನೂ ಒಂದು ವಾರದ ಹಣ ಇದೆ" ಅನ್ನುತ್ತೇನೆ.
ಅಷ್ಟು ಹೇಳಬಹುದು ನಾನು, ಕರೆ ರೆಕಾರ್ಡ್ ಆಗುತ್ತಿದೆ.
"ಗೊತ್ತು."
ಅವಳ ಕಡೆಯಿಂದ ಸಣ್ಣಗೆ ಟಿಣ್, ಮತ್ತೆ ಟಿಣ್.
ಉಗುರಿನಿಂದ ಗಾಜಿನ ಲೋಟ ತಟ್ಟುತ್ತಿರಬೇಕು.
ಸಾಲಿನಲ್ಲಿ ಮೂವತ್ತೆಂಟು ಜನ.
ಕಳೆದ ವಾರ ದುಡಿಯುವ ಶಕ್ತಿ ನಿಮಗಿತ್ತೇ?
ಇತ್ತು, ಅನ್ನುತ್ತಾಳೆ.